ಹಳೆಯ ಬೆಂಜ್‌ಗೆ ಹೊಸ ಮುಖ ಬೇಕೇ? ಐಷಾರಾಮಿ ಕಾರಿನ ಚಹರೆ ಉಳಿಯುವ ಬಗೆ

ಪ್ರಶ್ನೆ: ನಮ್ಮ ತಂದೆಯವರು 1996ರಲ್ಲಿ ಕೊಂಡ ಮರ್ಸಿಡಿಸ್-ಬೆಂಜ್ ಇ 220 ಕಾರು ದಾವಣಗೆರೆಯ ನಮ್ಮ ಮನೆಯಲ್ಲಿ ಈಗಲೂ ಓಡುವ ಸ್ಥಿತಿಯಲ್ಲಿದೆ. ಬಣ್ಣ ಮಾಸಿದೆ, ಮುಂದಿನ ಬಂಪರ್ ಒಡೆದಿದೆ. ಪಿ.ಬಿ. ರಸ್ತೆಯ ಗ್ಯಾರೇಜಿನವರು, ‘ಹೇಗೂ ಕೆಲಸ ಮಾಡಿಸುತ್ತಿದ್ದೀರಿ, ಹೊಸ ಮಾದರಿಯ ಕಪ್ಪು ಗ್ರಿಲ್, ಎಲ್‌ಇಡಿ ದೀಪ, 18 ಇಂಚಿನ ಅಲಾಯ್ ಚಕ್ರ ಹಾಕಿಸಿಬಿಡಿ, ಗಾಡಿಗೆ ಹೊಸ ಕಳೆ ಬರುತ್ತದೆ’ ಎನ್ನುತ್ತಿದ್ದಾರೆ. ಕಂಪೆನಿಯವರೇ ಕೆಲವು ವರ್ಷಗಳಿಗೊಮ್ಮೆ ರೂಪ ಬದಲಿಸುತ್ತಾರೆ, ಆದರೂ ಬೆಂಜ್ ಬೆಂಜ್ ಆಗಿಯೇ ಕಾಣುತ್ತದೆ. ಹಾಗಿರುವಾಗ ನಾವು ಬದಲಿಸಿದರೆ ಅದರ ಗತ್ತು ಏಕೆ ಕೆಡಬೇಕು?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯದಲ್ಲಿಯೇ ಇಡೀ ವಿಷಯ ಅಡಗಿದೆ. ಕಂಪೆನಿಯವರು ರೂಪ ಬದಲಿಸುತ್ತಾರೆ ಎಂಬುದು ನಿಜ; ಆದರೆ ಅವರು ಯಾವುದನ್ನು ಬದಲಿಸುತ್ತಾರೆ, ಯಾವುದಕ್ಕೆ ಕೈ ಹಚ್ಚುವುದಿಲ್ಲ ಎಂಬುದನ್ನು ನೋಡಬೇಕು. ಗ್ರಿಲ್ಲು, ದೀಪ, ಬಂಪರು ಬದಲಾಗುವ ವಸ್ತುಗಳು. ಕಾರಿನ ಅಳತೆಗಳ ನಡುವಿನ ಹೊಂದಾಣಿಕೆ, ಅದು ನೆಲದ ಮೇಲೆ ನಿಲ್ಲುವ ಭಂಗಿ, ಮೈಮೇಲಿನ ಎರಡು ಮೂರು ಮುಖ್ಯ ಗೆರೆಗಳು ಉಳಿಯುವ ವಸ್ತುಗಳು. ಪರಿಚಯದವರನ್ನು ನಾವು ದೂರದಿಂದ ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುವಂತೆ, ಒಳ್ಳೆಯ ಕಾರನ್ನೂ ಮೊದಲು ಗುರುತಿಸುವುದು ನಿಲುವಿನಿಂದಲೇ. ನಿಮಗೆ ಬಂದಿರುವ ಸಲಹೆಯಲ್ಲಿ ಚಕ್ರದ ಬದಲಾವಣೆ ನೇರವಾಗಿ ಆ ನಿಲುವನ್ನೇ ಕೆಡಿಸುತ್ತದೆ. ಗ್ರಿಲ್ಲು ಮತ್ತು ದೀಪಗಳ ಬದಲಾವಣೆಯು ಒಂದು ಕಾಲದ ಮೈಗೆ ಇನ್ನೊಂದು ಕಾಲದ ಮುಖವನ್ನು ಅಂಟಿಸುತ್ತದೆ. ಆದ್ದರಿಂದ ಈ ಮೂರನ್ನೂ ಮಾಡಿಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಾರಣಗಳನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದರೆ ಗ್ಯಾರೇಜಿನಲ್ಲಿ ನಿಂತು ಪ್ರತಿಯೊಂದು ಭಾಗದ ಬಗ್ಗೆಯೂ ನೀವೇ ತೀರ್ಮಾನ ಮಾಡಬಲ್ಲಿರಿ.

ಮೊದಲು ಕಾರನ್ನು ಪಕ್ಕದಿಂದ ನೋಡಿ. ಮುಂದಿನ ಚಕ್ರದ ನಡುಬಿಂದುವಿನಿಂದ ಮುಂದಿನ ಬಾಗಿಲಿನ ಅಂಚಿನವರೆಗೆ ಎಷ್ಟು ಜಾಗವಿದೆ ಎಂಬುದನ್ನು ಗಮನಿಸಿ. ಎಂಜಿನ್ನನ್ನು ಉದ್ದುದ್ದವಾಗಿ ಕೂರಿಸಿ ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಕಾರುಗಳಲ್ಲಿ ಈ ಅಂತರ ಹೆಚ್ಚು. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನು ತಿರುಗಿಸುವ ಸಾಮಾನ್ಯ ಕಾರುಗಳಲ್ಲಿ ಕಡಿಮೆ, ಅಲ್ಲಿ ಬಾಗಿಲು ಚಕ್ರಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಉದ್ದ ಬಾನೆಟ್ಟು, ಹಿಂದಕ್ಕೆ ಸರಿದು ಕುಳಿತ ಕ್ಯಾಬಿನ್ನು, ಮುಂದಿನ ಚಕ್ರದಿಂದಾಚೆಗೆ ಕಡಿಮೆ ಚಾಚಿರುವ ಮೂತಿ, ಇವು ಕೂಡಿದಾಗ ಕಾರಿಗೆ ಆ ‘ದೊಡ್ಡ ಗಾಡಿ’ಯ ಗಾಂಭೀರ್ಯ ಬರುತ್ತದೆ. ಇದನ್ನು ಯಾವ ಕ್ರೋಮಿನ ಪಟ್ಟಿಯೂ ಕೊಡಲಾರದು. ಡಬ್ಲ್ಯು 124 ಎಂದು ಕಂಪೆನಿ ಕರೆದ ನಿಮ್ಮ ಕಾರಿನ ವ್ಹೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಬಿಂದುಗಳ ಅಂತರ, 2,800 ಮಿಲಿಮೀಟರ್, ಉದ್ದ 4,740 ಮಿಲಿಮೀಟರ್. 2024ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದ ಹೊಸ ಇ-ಕ್ಲಾಸ್ ಉದ್ದನೆಯ ಆವೃತ್ತಿಯದು. ಅದರ ವ್ಹೀಲ್‌ಬೇಸ್ 3,094, ಉದ್ದ 5,092 ಮಿಲಿಮೀಟರ್. ಹೊಸದು ಎಲ್ಲ ಕಡೆಗೂ ಬೆಳೆದಿದೆ, ದೀಪದ ಆಕಾರದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೂ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಒಂದೇ ಮನೆತನದವು ಎಂದು ತಿಳಿಯುತ್ತದೆ. ಹಿಂಬದಿ ಚಕ್ರದ ಚಾಲನೆಯಿಂದ ಬಂದ ಆ ಮೂಲ ಅನುಪಾತವನ್ನು ಅವರು ಬಿಟ್ಟುಕೊಡದಿರುವುದೇ ಇದಕ್ಕೆ ಕಾರಣ.

ಇದು ತಾನಾಗಿಯೇ ಆದದ್ದಲ್ಲ. ಇಟಲಿಯ ಉದಿನೆಯಲ್ಲಿ ಹುಟ್ಟಿದ ಬ್ರೂನೊ ಸಾಕ್ಕೊ 1958ರಲ್ಲಿ ಡೈಮ್ಲರ್-ಬೆಂಜ್ ಸೇರಿ, 1975ರಿಂದ 1999ರವರೆಗೆ ಅಲ್ಲಿನ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದರು. 2024ರಲ್ಲಿ ತೀರಿಕೊಂಡರು. ಅವರು ಎರಡು ನಿಯಮಗಳನ್ನು ಇಟ್ಟುಕೊಂಡಿದ್ದರು. ಒಂದೇ ಕಾಲದಲ್ಲಿ ಮಾರಾಟದಲ್ಲಿರುವ ಸಣ್ಣ, ಮಧ್ಯಮ, ದೊಡ್ಡ ಕಾರುಗಳು ಅಣ್ಣತಮ್ಮಂದಿರಂತೆ ಕಾಣಬೇಕು ಎಂಬುದು ಅಡ್ಡ ಸಾಲಿನ ಏಕರೂಪತೆ. ಹೊಸ ಮಾದರಿಯು ತನ್ನ ಹಿಂದಿನ ಮಾದರಿಯನ್ನು ಹಳತಾಗಿಸಬಾರದು ಎಂಬುದು ಉದ್ದ ಸಾಲಿನ ಬಾಂಧವ್ಯ. ನನ್ನ ದೃಷ್ಟಿಯಲ್ಲಿ ಎರಡನೆಯದು ಕಾರು ವಿನ್ಯಾಸದ ಇತಿಹಾಸದಲ್ಲಿಯೇ ಬಹಳ ದೊಡ್ಡ ವಿಚಾರ. ಬೆಲೆಬಾಳುವ ಕಾರು ಇಪ್ಪತ್ತು ಮೂವತ್ತು ವರ್ಷ ರಸ್ತೆಯ ಮೇಲಿರುತ್ತದೆ; ಅಷ್ಟರಲ್ಲಿ ಅದರ ಜಾಗಕ್ಕೆ ಮೂರ್ನಾಲ್ಕು ಹೊಸ ಮಾದರಿಗಳು ಬಂದಿರುತ್ತವೆ. ಪ್ರತಿ ಹೊಸ ಮಾದರಿಯೂ ಹಿಂದಿನದನ್ನು ಅವಮಾನಿಸುವಂತಿದ್ದರೆ ಹಣ ಕೊಟ್ಟು ಕೊಂಡವನಿಗೆ ಮೋಸವಾದಂತೆಯೇ. ನಿಮ್ಮ ತಂದೆಯವರು ಕಾರು ಕೊಂಡಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಅಂದು ರಸ್ತೆಯಲ್ಲಿ ಅದರ ಜೊತೆಗೆ ಓಡುತ್ತಿದ್ದ ಅನೇಕ ಕಾರುಗಳು ಇಂದು ಕಣ್ಣಿಗೆ ತೀರಾ ಹಳೆಯವಾಗಿ ಕಾಣುತ್ತವೆ, ನಿಮ್ಮದು ಹಾಗೆ ಕಾಣುವುದಿಲ್ಲ. ಅದರ ಹಿಂದೆ ಇರುವುದು ಈ ನಿಯಮ.

ಈಗ ಕಾರಿನ ಹಿಂಭಾಗಕ್ಕೆ ಹೋಗಿ ಹತ್ತಿರದಿಂದ ನೋಡಿ. ಟೇಲ್‌ಲ್ಯಾಂಪಿನ ಕೆಂಪು ಗಾಜಿನಂಥ ಮುಚ್ಚಳ ನುಣುಪಾಗಿಲ್ಲ, ಅಡ್ಡಡ್ಡಲಾಗಿ ಏಣು-ತಗ್ಗುಗಳಿವೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. 1971ರಲ್ಲಿ ಬಂದ ಬೆಂಜಿನ ಎಸ್ಎಲ್ ಎಂಬ ಸ್ಪೋರ್ಟ್ಸ್ ಕಾರಿನಿಂದ ಇದು ಆರಂಭವಾಯಿತು. ಓಡುವ ಕಾರಿನ ಹಿಂದೆ ಸುಳಿದೇಳುವ ಕೆಸರು, ಧೂಳು ಏಣುಗಳ ಮೇಲೆ ಕೂರುತ್ತದೆ, ಒಳಗಿನ ತಗ್ಗುಗಳು ಬಹುಮಟ್ಟಿಗೆ ಶುಭ್ರವಾಗಿ ಉಳಿಯುತ್ತವೆ, ಹೀಗಾಗಿ ದೀಪ ಹಿಂದಿನವರಿಗೆ ಕಾಣುತ್ತಲೇ ಇರುತ್ತದೆ. ಮುಂಗಾರಿನಲ್ಲಿ ಎರೆಮಣ್ಣಿನ ಊರುಗಳಿಂದ ಹಿಂದಿರುಗಿದ ದಿನ ನಿಮ್ಮ ಕಾರಿನ ದೀಪವನ್ನೇ ನೋಡಿದರೆ ಇದರ ಉಪಯೋಗ ತಿಳಿಯುತ್ತದೆ. ಸುರಕ್ಷತೆಗೆಂದು ಮಾಡಿದ ಈ ಏಣುಗಳು ಎರಡು ದಶಕಗಳ ಕಾಲ ಒಂದರ ನಂತರ ಒಂದು ಮಾದರಿಯಲ್ಲಿ ಮುಂದುವರಿದು ಬೆಂಜಿನ ಹಿಂಭಾಗದ ಗುರುತೇ ಆಗಿಬಿಟ್ಟವು. ಡಿಕ್ಕಿಯ ಮುಚ್ಚಳವನ್ನೂ ಗಮನಿಸಿ: ಅದು ಎರಡು ದೀಪಗಳ ನಡುವೆ ಕೆಳಗಿಳಿದು, ಕೆಳಕ್ಕೆ ಹೋದಂತೆ ಕಿರಿದಾಗುವ ಚತುಷ್ಕೋನವಾಗಿದೆ; ಹಿಂಭಾಗದ ಇಕ್ಕೆಲಗಳೂ ಒಳಕ್ಕೆ ಸ್ವಲ್ಪ ಸರಿದಿವೆ. ಗಾಳಿ ಕಾರಿನಿಂದ ಸಲೀಸಾಗಿ ಬಿಟ್ಟುಹೋಗಲಿ ಎಂದು ಹೀಗೆ ಮಾಡಿದರು. 1984ರಲ್ಲಿ ಹೊರಬಂದ ಈ ಮಾದರಿಯ ಗಾಳಿಯ ಪ್ರತಿರೋಧದ ಗುಣಾಂಕ 0.29ರ ಆಸುಪಾಸಿನಲ್ಲಿತ್ತು, ಆ ಕಾಲದ ನಾಲ್ಕು ಬಾಗಿಲಿನ ಕಾರಿಗೆ ಅದು ಬಹಳ ಕಡಿಮೆ. ಅಲಂಕಾರಕ್ಕೆಂದು ತಂದ ರೂಪ ಅಲಂಕಾರದ ರುಚಿ ಬದಲಾದೊಡನೆ ಹೋಗುತ್ತದೆ. ಕೆಲಸಕ್ಕೆಂದು ಹುಟ್ಟಿದ ರೂಪಕ್ಕೆ ಆಯಸ್ಸು ಹೆಚ್ಚು.

ಇನ್ನು ಗ್ರಿಲ್ಲಿನ ವಿಷಯ. ಜನ ಗ್ರಿಲ್ಲೇ ಕಾರಿನ ಗುರುತು ಎಂದು ತಿಳಿಯುತ್ತಾರೆ. ಆದರೆ ಬೆಂಜ್ ಅದನ್ನು ಎಷ್ಟು ಬಾರಿ ಮಾರ್ಪಡಿಸಿದೆ ನೋಡಿ. ನಿಮ್ಮದಕ್ಕಿಂತ ಹಿಂದಿನ ಡಬ್ಲ್ಯು 123ರಲ್ಲಿ ಅದು ನೆಟ್ಟಗೆ ನಿಂತ ಕ್ರೋಮ್ ಚೌಕಟ್ಟು. ಡಬ್ಲ್ಯು 124ರಲ್ಲಿ ಹಿಂದಕ್ಕೆ ಒರಗಿತು. 1993ರ ಮಾರ್ಪಾಡಿನಲ್ಲಿ ಬಾನೆಟ್ಟಿನೊಳಗೇ ಸೇರಿಕೊಂಡು ತೆಳುವಾಯಿತು. ನಿಮ್ಮ ಕಾರಿನಲ್ಲಿರುವುದು ಇದೇ. 1995ರಲ್ಲಿ ಯುರೋಪಿನಲ್ಲಿ ಬಂದ ಮುಂದಿನ ಪೀಳಿಗೆಯು ಆಯತಾಕಾರದ ದೀಪಗಳನ್ನು ಬಿಟ್ಟು ನಾಲ್ಕು ಮೊಟ್ಟೆಯಾಕಾರದ ದೀಪಗಳನ್ನು ಹೊತ್ತು ಬಂದಾಗ ಹಳೆಯ ಅಭಿಮಾನಿಗಳು ಬೆಚ್ಚಿದರು. ಆ ನಾಲ್ಕು ಕಣ್ಣುಗಳೂ ಒಂದು ಪರಂಪರೆಯಾಗಿ ಬೆಳೆದು, 2013ರ ಮಾರ್ಪಾಡಿನಲ್ಲಿ ಎರಡೆರಡು ಸೇರಿ ಒಂದೊಂದು ಗಾಜಿನ ಕೆಳಗೆ ಬಂದವು. ಮುಖ ಇಷ್ಟೆಲ್ಲ ಬದಲಾದರೂ ಯಾರೂ ಇದು ಬೇರೆ ಕಂಪೆನಿಯ ಕಾರು ಎನ್ನಲಿಲ್ಲ. ನಮ್ಮ ಅಂಬಾಸಡರ್ ಐಷಾರಾಮಿ ಕಾರಲ್ಲದಿದ್ದರೂ ಇದೇ ಮಾತಿಗೆ ಒಳ್ಳೆಯ ಸಾಕ್ಷಿ: 1950ರ ದಶಕದ ಕೊನೆಯಿಂದ 2014ರವರೆಗೆ ಅದರ ಗ್ರಿಲ್ಲು ಮತ್ತೆ ಮತ್ತೆ ಬದಲಾಯಿತು, ಆದರೆ ಆ ಉಬ್ಬಿದ ಬಾನೆಟ್ಟು ಮತ್ತು ದುಂಡು ಬೆನ್ನು ಇದ್ದುದರಿಂದ ಎಷ್ಟು ದೂರದಿಂದಲೂ ಗುರುತು ತಪ್ಪಲಿಲ್ಲ.

ಬೇರೆ ಕಂಪೆನಿಗಳಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಬಿಎಂಡಬ್ಲ್ಯು ಎಂದೊಡನೆ 1933ರ 303 ಮಾದರಿಯಿಂದ ಬಂದ ಮೂತ್ರಪಿಂಡದಾಕಾರದ ಜೋಡಿ ಗ್ರಿಲ್ಲು ಎಲ್ಲರ ನೆನಪಿಗೆ ಬರುತ್ತದೆ. ಅದಕ್ಕಿಂತ ಗಟ್ಟಿಯಾದ ಗುರುತು ಹಿಂದಿನ ಕಿಟಕಿಯ ಬುಡದಲ್ಲಿದೆ: ಚಾವಣಿಯನ್ನು ಹೊರುವ ಹಿಂಬದಿಯ ಕಂಬ ಕೆಳಗಿಳಿಯುತ್ತ ಬಂದು ಬುಡದಲ್ಲಿ ಮುಂದಕ್ಕೆ ಬಾಗುತ್ತದೆ. 1961ರಲ್ಲಿ ತೋರಿಸಿದ 1500 ಮಾದರಿಯಲ್ಲಿ ಕಾಣಿಸಿಕೊಂಡ ಈ ಬಾಗನ್ನು ಅಂದಿನ ವಿನ್ಯಾಸ ಮುಖ್ಯಸ್ಥ ವಿಲ್ಹೆಲ್ಮ್ ಹೋಫ್‌ಮೈಸ್ಟರ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅದು ಕಾರಿನ ಭಾರ ಹಿಂದಿನ ಚಕ್ರದ ಮೇಲೆ ಊರಿ ಮುಂದಕ್ಕೆ ಹಾರಲು ಸಿದ್ಧವಾಗಿದೆ ಎಂಬ ಭಾವನೆ ಕೊಡುತ್ತದೆ. ಜೋಡಿ ಗ್ರಿಲ್ಲು ಅಡ್ಡವಾಯಿತು, ಉದ್ದವಾಯಿತು, 2020ರ 4 ಸೀರೀಸ್‌ನಲ್ಲಿ ಬಂಪರಿನ ತಳದವರೆಗೂ ಇಳಿದು ದೊಡ್ಡ ಜಗಳಕ್ಕೆ ಕಾರಣವಾಯಿತು, 2025ರ ವಿದ್ಯುತ್ ಕಾರಾದ ಹೊಸ ಐಎಕ್ಸ್3ಯಲ್ಲಿ ಮತ್ತೆ ಕಿರಿದಾಗಿ ನೆಟ್ಟಗೆ ನಿಂತಿತು. ಇಷ್ಟೆಲ್ಲ ಗದ್ದಲದ ನಡುವೆಯೂ ಕಿಟಕಿಯ ಆ ಬಾಗು ಬಹುಪಾಲು ಮಾದರಿಗಳಲ್ಲಿ ಒಂದಲ್ಲ ಒಂದು ರೀತಿಯಲ್ಲಿ ಉಳಿದುಕೊಂಡಿದೆ.

ಈ ವಿಷಯದಲ್ಲಿ ನಾನು ಅತ್ಯಂತ ಮೆಚ್ಚುವ ಉದಾಹರಣೆ ರೇಂಜ್ ರೋವರ್. 2008ರಿಂದ ಟಾಟಾ ಒಡೆತನದಲ್ಲಿರುವ ಈ ಕಾರು 1970ರಲ್ಲಿ ಎರಡೇ ಬಾಗಿಲುಗಳೊಂದಿಗೆ ಬಂದಿತು, 1981ರಲ್ಲಿ ನಾಲ್ಕು ಬಾಗಿಲಿನದಾಯಿತು. ಅದರ ಚಹರೆಯಲ್ಲಿ ಉಳಿದು ಬಂದಿರುವುದು ಕೆಲವೇ ಸಂಗತಿಗಳು: ಮುಂದಿನಿಂದ ಹಿಂದಿನವರೆಗೆ ಕಿಟಕಿಗಳ ಕೆಳಗೆ ಎಲ್ಲೂ ಮುರಿಯದೆ ಹೋಗುವ ಸೊಂಟದ ಗೆರೆ, ಕಂಬಗಳನ್ನು ಕಪ್ಪಾಗಿಸಿದ್ದರಿಂದ ಗಾಳಿಯಲ್ಲಿ ತೇಲಿದಂತೆ ಕಾಣುವ ಚಾವಣಿ, ಮತ್ತು ಮೇಲ್ಭಾಗವನ್ನೆಲ್ಲ ಮುಚ್ಚಿ ಪಕ್ಕಗಳಿಗೂ ಇಳಿಯುವ ಬಾನೆಟ್ಟು. 2012ರಲ್ಲಿ ಅದರ ಮೈಯನ್ನೆಲ್ಲ ಅಲ್ಯೂಮಿನಿಯಮ್ಮಿನಲ್ಲಿ ಹೊಸದಾಗಿ ಕಟ್ಟಿ, ಕೆಲವು ಆವೃತ್ತಿಗಳಲ್ಲಿ ನಾಲ್ಕುನೂರು ಕಿಲೋಗೂ ಹೆಚ್ಚು ತೂಕ ಇಳಿಸಿದರು. 2021ರ ಪೀಳಿಗೆಯಲ್ಲಿ ಹಿಂದಿನ ದೀಪಗಳು ಉರಿಯದಿದ್ದಾಗ ಕಪ್ಪು ಪಟ್ಟಿಯಂತೆ ಮರೆಯಾಗುತ್ತವೆ. ಅಂದರೆ ಒಂದು ಭಾಗವೂ ಹಳೆಯದಲ್ಲ, ಆದರೂ ಆ ಗೆರೆ ಮತ್ತು ಆ ಚಾವಣಿ ಇರುವುದರಿಂದ 1970ರ ಕಾರನ್ನು ಬಲ್ಲವರು ಇದನ್ನು ಒಂದು ಕ್ಷಣದಲ್ಲಿ ಗುರುತಿಸುತ್ತಾರೆ.

ರೋಲ್ಸ್-ರಾಯ್ಸ್‌ನಲ್ಲಿ ಒಂದು ಅಳತೆಯೇ ನಿಯಮವಾಗಿದೆ: ಟೈರು ಸಹಿತ ಚಕ್ರದ ಎತ್ತರ ಕಾರಿನ ಒಟ್ಟು ಎತ್ತರದ ಸುಮಾರು ಅರ್ಧದಷ್ಟಿರಬೇಕು. ಬಿಎಂಡಬ್ಲ್ಯು ಒಡೆತನದಲ್ಲಿ 2003ರಲ್ಲಿ ಹೊಸ ಫ್ಯಾಂಟಮ್ ತಯಾರಾದಾಗ ಹಳೆಯ ಕಾರಿನ ಒಂದು ಭಾಗವನ್ನೂ ಬಳಸದೆ ಈ ಅನುಪಾತ, ಉದ್ದ ಬಾನೆಟ್ಟು ಮತ್ತು ನೆಟ್ಟಗಿನ ಗ್ರಿಲ್ಲುಗಳಿಂದಲೇ ವಂಶವನ್ನು ಸಾಬೀತುಪಡಿಸಿದರು. ಬಾನೆಟ್ಟಿನ ತುದಿಯಲ್ಲಿ 1911ರಿಂದ ನಿಂತಿರುವ, ಶಿಲ್ಪಿ ಚಾರ್ಲ್ಸ್ ಸೈಕ್ಸ್ ರೂಪಿಸಿದ ಪುಟ್ಟ ಮೂರ್ತಿಯನ್ನೂ ಅವರು ಮುಟ್ಟಲಾಗದ ವಸ್ತು ಎಂದುಕೊಳ್ಳಲಿಲ್ಲ. ಸ್ಪೆಕ್ಟರ್ ಎಂಬ ವಿದ್ಯುತ್ ಕಾರಿಗಾಗಿ 2022ರಲ್ಲಿ ಅದನ್ನು ಮರುರೂಪಿಸಿ, ಗಾಳಿಗೆ ತಡೆಯಾಗದಂತೆ ಎತ್ತರವನ್ನು ಸುಮಾರು 100 ಮಿಲಿಮೀಟರಿನಿಂದ 83ಕ್ಕೆ ಇಳಿಸಿದರು.

ಎಡವಿದವರೂ ಇದ್ದಾರೆ, ಎರಡೂ ಕಡೆಗೆ. ಪೋರ್ಶೆ 911ರ ದುಂಡು ದೀಪಗಳನ್ನು 1997ರ ಪೀಳಿಗೆಯಲ್ಲಿ ಕೈಬಿಟ್ಟು, ಅಗ್ಗದ ಬಾಕ್ಸ್‌ಸ್ಟರ್ ಕಾರಿನ ಮುಖವನ್ನೇ ಹೆಚ್ಚುಕಡಿಮೆ ಹಾಗೆಯೇ ಬಳಸಲಾಯಿತು. ಅಭಿಮಾನಿಗಳು ಅದನ್ನು ಒಪ್ಪಲೇ ಇಲ್ಲ. 2004ರಲ್ಲಿ ದುಂಡು ದೀಪಗಳು ಹಿಂದಿರುಗಿದವು. ಜಾಗ್ವಾರ್‌ನ ಕಥೆ ಇದಕ್ಕೆ ವಿರುದ್ಧ. 1968ರ ಎಕ್ಸ್‌ಜೆ ಕಾರಿನ ತಗ್ಗಿದ ಮೈ ಮತ್ತು ನಾಲ್ಕು ದುಂಡು ದೀಪಗಳು ಎಷ್ಟು ಸುಂದರವಾಗಿದ್ದವೆಂದರೆ, ಅದನ್ನು ಬಿಡಲು ಯಾರಿಗೂ ಧೈರ್ಯವಾಗಲಿಲ್ಲ. 2003ರ ಎಕ್ಸ್‌ಜೆ ಒಳಗೆ ಅಲ್ಯೂಮಿನಿಯಮ್ಮಿನ ಹಗುರ ಮೈಯುಳ್ಳ, ತಾಂತ್ರಿಕವಾಗಿ ಬಹಳ ಮುಂದಿದ್ದ ಕಾರು. ಆದರೆ ಹೊರಗೆ ಹಳೆಯದರ ಪಡಿಯಚ್ಚಿನಂತಿದ್ದುದರಿಂದ ಒಳಗಿನ ಹೊಸತನ ಕೊಳ್ಳುವವರ ಕಣ್ಣಿಗೇ ಬೀಳಲಿಲ್ಲ. ನಂತರ 2009ರಲ್ಲಿ ಒಮ್ಮೆಲೇ ಎಲ್ಲವನ್ನೂ ಕಿತ್ತುಹಾಕಿ ಹೊಸ ರೂಪ ಕೊಟ್ಟರು. ಅದು ಒಳ್ಳೆಯ ಕಾರೇ, ಆದರೆ ಹಿಂದಿನದಕ್ಕೂ ಅದಕ್ಕೂ ನಡುವೆ ಸೇತುವೆ ಇರಲಿಲ್ಲ. ಎಲ್ಲವನ್ನೂ ಉಳಿಸಿಕೊಳ್ಳಲು ಹೋದವರು ಕೊನೆಗೆ ಎಲ್ಲವನ್ನೂ ಒಟ್ಟಿಗೆ ಬಿಡಬೇಕಾಗುತ್ತದೆ ಎಂದು ನನಗೆ ಇದರಿಂದ ಅನ್ನಿಸಿದೆ.

ಕಂಪೆನಿಗಳು ಬದಲಾಯಿಸುವುದು ಮನಸ್ಸು ಬಂದಂತೆಯೂ ಅಲ್ಲ. ಪಾದಚಾರಿಗೆ ಕಾರು ಬಡಿದರೆ ತಲೆಗೆ ಪೆಟ್ಟು ಕಡಿಮೆಯಾಗಲೆಂದು ಬಾನೆಟ್ಟಿಗೂ ಎಂಜಿನ್ನಿಗೂ ನಡುವೆ ಖಾಲಿ ಜಾಗ ಬೇಕು ಎಂಬ ನಿಯಮಗಳು ಬಂದ ಮೇಲೆ ಮೂತಿಗಳು ಎತ್ತರವಾದವು, ನಿಮ್ಮ ಕಾರಿನಂಥ ತಗ್ಗಿದ ಬಾನೆಟ್ಟು ಇಂದು ಕಷ್ಟ. ಮಗುಚಿದಾಗ ಚಾವಣಿ ಕುಸಿಯಬಾರದೆಂದು ಕಂಬಗಳು ದಪ್ಪವಾದವು. ದೀಪಕ್ಕೆ ದೊಡ್ಡ ಪ್ರತಿಫಲಕ ಬೇಕಾಗಿದ್ದ ಕಾಲ ಹೋಗಿ ಎಲ್‌ಇಡಿ ಬಂದ ಮೇಲೆ ದೀಪ ಎಷ್ಟು ಸಣ್ಣದಾದರೂ ನಡೆಯುತ್ತದೆ, ಆದ್ದರಿಂದ ಗುರುತು ಬೆಳಕಿನ ಆಕಾರಕ್ಕೇ ವರ್ಗವಾಯಿತು. ರಾತ್ರಿ ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಬರುವಾಗ ಕನ್ನಡಿಯಲ್ಲಿ ಕಾಣುವ ಬೆಳಕಿನ ಉಂಗುರಗಳಿಂದ ಹಿಂದೆ ಬರುತ್ತಿರುವುದು ಬಿಎಂಡಬ್ಲ್ಯು ಎಂದು ಹೇಳಬಹುದಾಗಿದ್ದದ್ದು 2000ದಲ್ಲಿ 5 ಸೀರೀಸ್‌ಗೆ ಆ ಉಂಗುರಗಳು ಬಂದ ಮೇಲೆ. ವಿದ್ಯುತ್ ಕಾರುಗಳು ಇನ್ನೂ ದೊಡ್ಡ ಪರೀಕ್ಷೆ ಒಡ್ಡಿವೆ, ಏಕೆಂದರೆ ಅವುಗಳಿಗೆ ಉದ್ದ ಬಾನೆಟ್ಟೇ ಬೇಕಿಲ್ಲ. 2021ರ ಬೆಂಜ್ ಇಕ್ಯುಎಸ್ ಗಾಳಿಯ ಪ್ರತಿರೋಧವನ್ನು 0.20ಕ್ಕೆ ಇಳಿಸಲು ಮುಂದಿನಿಂದ ಹಿಂದಕ್ಕೆ ಒಂದೇ ಕಮಾನಿನಂತಾಯಿತು, ಕ್ಯಾಬಿನ್ನು ಮುಂದಕ್ಕೆ ಸರಿಯಿತು. ಎಂಜಿನಿಯರಿಂಗ್ ಆಗಿ ಅದು ದೊಡ್ಡ ಸಾಧನೆ. ಆದರೆ ನಕ್ಷತ್ರವನ್ನು ಮುಚ್ಚಿ ನೋಡಿದರೆ ಅದು ಬೆಂಜ್ ಎನ್ನಲು ನನ್ನ ಕಣ್ಣಿಗೆ ಏನೂ ಸಿಗುವುದಿಲ್ಲ. ರೋಲ್ಸ್-ರಾಯ್ಸ್ ಸ್ಪೆಕ್ಟರ್ ಅದೇ ವಿದ್ಯುತ್ತಿನಿಂದ ಓಡಿದರೂ ಉದ್ದ ಬಾನೆಟ್ಟನ್ನು ಬಿಡಲಿಲ್ಲ.

ಈಗ ನಿಮ್ಮ ಕಾರಿಗೆ ಬರೋಣ. 18 ಇಂಚಿನ ಚಕ್ರದ ಮಾತು ಮೊದಲು. ಈ ಕಾರಿನ ಮೂಲ ಟೈರು 195/65 ಆರ್15, ಅಂದರೆ ಅಗಲ 195 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇಕಡಾ 65, ರಿಮ್ಮು 15 ಇಂಚು. ಅದರ ಪಕ್ಕದ ರಬ್ಬರಿನ ಎತ್ತರ ಸುಮಾರು 127 ಮಿಲಿಮೀಟರ್. ಚಕ್ರದ ಹೊರ ಅಳತೆ ಬದಲಾಗದಂತೆ 18 ಇಂಚಿನ ರಿಮ್ಮು ಹಾಕಬೇಕಾದರೆ ರಬ್ಬರು 90 ಮಿಲಿಮೀಟರಿಗಿಂತ ಕೆಳಗಿಳಿಯುತ್ತದೆ. ಮೈಯ ಮಟ್ಟಸವಾದ ಪಕ್ಕಗಳು, ಸರಳ ಚಕ್ರಕಮಾನು ಎಲ್ಲವೂ ದಪ್ಪ ಟೈರಿಗೆ ಹೊಂದುವಂತೆ ಎಳೆದ ಗೆರೆಗಳು. ಅಷ್ಟು ಲೋಹ ತುಂಬಿದೊಡನೆ ಮೈ ತೆಳ್ಳಗಾಗಿ, ಚಕ್ರವೇ ಕಾರಿಗಿಂತ ದೊಡ್ಡದಾಗಿ ಕಾಣುತ್ತದೆ. ಸವಾರಿಯ ಮೆತ್ತನೆಯೂ ಹೋಗುತ್ತದೆ. 15 ಇಂಚಿನ ಮೂಲ ಚಕ್ರಗಳನ್ನೇ ಸರಿಮಾಡಿಸಿ ಬಣ್ಣ ಹಚ್ಚಿಸಿ.

ಹೆಡ್‌ಲೈಟಿನ ಮುಂಭಾಗ ನಿಜವಾದ ಗಾಜು. ಈಚಿನ ಕಾರುಗಳಲ್ಲಿ ಬಳಸುವ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ನಮ್ಮ ಬಯಲುಸೀಮೆಯ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಹಳದಿಯಾಗುತ್ತದೆ, ಗಾಜು ಹಾಗಾಗುವುದಿಲ್ಲ. ಬೆಳಕು ಮಂದವಾಗಿದ್ದರೆ ದೋಷ ಬಹುತೇಕ ಒಳಗಿನ ಪ್ರತಿಫಲಕದ್ದು. ಅದಕ್ಕೆ ಮತ್ತೆ ಬೆಳ್ಳಿಲೇಪನ ಮಾಡಿಸಬಹುದು. ಗಾಜಿನ ಮೇಲಿನ ಗೀರುಗಳು ಹ್ಯಾಲೊಜೆನ್ ಬಲ್ಬಿನ ತಂತಿಯ ಸ್ಥಾನಕ್ಕೆ ಲೆಕ್ಕಹಾಕಿ ಮಾಡಿದವು, ಅಲ್ಲಿ ಎಲ್‌ಇಡಿ ಬಲ್ಬು ಹಾಕಿದರೆ ಬೆಳಕು ಚದುರಿ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ಗ್ರಿಲ್ಲಿನ ಕ್ರೋಮ್ ಚೌಕಟ್ಟು ಕಳೆಗುಂದಿದ್ದರೆ ಮರುಲೇಪನ ಮಾಡಿಸಿ, ಅದನ್ನು ಕಪ್ಪು ಮಾಡಿಸಬೇಡಿ. ಕಾರಿನ ಮುಖದಲ್ಲಿ ಬೆಳಕು ಹಿಡಿಯುವ ಒಂದೇ ಜಾಗ ಅದು.

ಕಾನೂನಿನ ಮಾತನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಸ್ಪಷ್ಟಪಡಿಸಿದೆ. ಬೇರೆ ಬಣ್ಣ ಹಚ್ಚಿಸುವುದಾದರೆ ಆರ್‌ಸಿಯಲ್ಲಿ ನಮೂದಾಗಬೇಕು. ನಿಮ್ಮ ಕಾರಿಗೆ ಹದಿನೈದು ವರ್ಷ ಮೀರಿರುವುದರಿಂದ ನೋಂದಣಿ ನವೀಕರಣಕ್ಕೆ ಆರ್‌ಟಿಒ ತಪಾಸಣೆ ಇದ್ದೇ ಇರುತ್ತದೆ. ಮೂಲ ರೂಪದಲ್ಲಿದ್ದರೆ ಅಲ್ಲಿ ತಕರಾರು ಬರುವುದಿಲ್ಲ.

ಬಂಪರನ್ನು ಈ ಮಾದರಿಯದೇ ಆದ ಬಂಪರಿನಿಂದ ಬದಲಿಸಿ. ಬಣ್ಣದ ಕೆಲಸಕ್ಕೆ ಕೊಡುವ ಮುನ್ನ ಪೇಂಟರಿಗೆ ಬಾಗಿಲಿನ ಕೆಳಭಾಗದ ಪ್ಲಾಸ್ಟಿಕ್ ಹಲಗೆಗಳನ್ನು ತೋರಿಸಿ. ಸಾಕ್ಕೊ ಅವರ ಹೆಸರಿನಿಂದಲೇ ಕರೆಯುವ ಈ ಹಲಗೆಗಳಿಗೆ ಸಾಮಾನ್ಯವಾಗಿ ಮೈಬಣ್ಣಕ್ಕೆ ಹತ್ತಿರದ, ಆದರೆ ಅದೇ ಅಲ್ಲದ ಛಾಯೆ ಇರುತ್ತದೆ. ಆ ಸಣ್ಣ ವ್ಯತ್ಯಾಸ ಮೈಯನ್ನು ಎರಡಾಗಿ ಭಾಗಿಸಿ ಕಾರು ತಗ್ಗಿ ಉದ್ದವಾಗಿ ಕಾಣುವಂತೆ ಮಾಡುತ್ತದೆ. ಒಂದೇ ಬಣ್ಣ ಬಳಿದುಬಿಟ್ಟರೆ ಪಕ್ಕಗಳು ಗೋಡೆಯಂತಾಗುತ್ತವೆ. ಮೂಲ ಬಣ್ಣದ ಸಂಕೇತ ಸಂಖ್ಯೆ ಸಾಮಾನ್ಯವಾಗಿ ಬಾನೆಟ್ಟಿನ ಕೆಳಗೆ, ಮುಂದಿನ ಅಡ್ಡಪಟ್ಟಿಯ ಮೇಲಿನ ಫಲಕದಲ್ಲಿ ಸಿಗುತ್ತದೆ. ಮಾಸಿದ ಮೈಯನ್ನು ನೋಡಿ ಛಾಯೆ ಹೊಂದಿಸುವುದಕ್ಕಿಂತ ಆ ಸಂಖ್ಯೆಯಿಂದ ಬೆರೆಸಿದ ಬಣ್ಣವೇ ಸರಿ. ಹಲಗೆಗಳನ್ನು ಮೇಲಿನಿಂದ ಬಳಿಯಲು ಬಿಡದೆ ಕಳಚಿಸಿ, ಏಕೆಂದರೆ ಅವುಗಳ ಹಿಂದೆ ವರ್ಷಗಟ್ಟಲೆ ನೀರು, ಮಣ್ಣು ಕೂತು ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು. ಜ್ಯಾಕ್ ಕೊಡುವ ಜಾಗಗಳನ್ನೂ ಅದೇ ಹೊತ್ತಿಗೆ ನೋಡಿಸಿ, ತುಕ್ಕು ಕಂಡರೆ ಲೋಹದವರೆಗೆ ಕೆರೆದು ಪ್ರೈಮರ್ ಹಚ್ಚಿದ ಮೇಲೆಯೇ ಬಣ್ಣಕ್ಕೆ ಕೈ ಹಾಕಬೇಕು. ಹಲಗೆಗಳ ಕ್ಲಿಪ್ಪುಗಳು ಇಷ್ಟು ವರ್ಷಗಳಾದ ಮೇಲೆ ಕಳಚುವಾಗ ಮುರಿಯುತ್ತವೆ, ಆದ್ದರಿಂದ ಹೊಸ ಕ್ಲಿಪ್ಪುಗಳನ್ನು ಮೊದಲೇ ತರಿಸಿಟ್ಟುಕೊಂಡು ಕೆಲಸ ಶುರುಮಾಡಿಸಿ.